ಅಧ್ಯಾಪಕರಾಗಬಯಸುವವರು ಅರ್ಜಿ ಬರೆಯುವ ಮುನ್ನ

(ವಿದ್ಯಾಸಂಘದ ವಾರ್ಷಿಕ ಸಮಾವೇಶದಲ್ಲಿ ಮೇಲ್ತರಗತಿಯ ವಿದ್ಯಾರ್ಥಿಗಳನ್ನೂ ಅವರ ಹೆತ್ತವರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮಾಡುವ ಭಾಷಣಗಳಿಗೆ ಒಂದು ಪದ್ಧತಿಯುಂಟು. ವಿದ್ಯೆಯ ಮಹಿಮೆಯನ್ನು ಬಣ್ಣಿಸುವುದು, ಗುರುವಿನ ಹಿರಿಮೆಯನ್ನು ಕೊಂಡಾಡುವುದು, ಮಕ್ಕಳಿಗೆ ಶುಭವನ್ನು ಹಾರೈಸಿ ಕುಳಿತುಕೊಳ್ಳುವುದು. ಅವೆಲ್ಲವೂ ಒಳ್ಳೆಯವೇ. ಆದರೆ ಸಂಘದ ಕಾರ್ಯದರ್ಶಿಗಳು ಈ ಬಾರಿ ನನಗೆ ವಹಿಸಿದ ಕೆಲಸ ಬೇರೆ. ನಮ್ಮ ಮಕ್ಕಳಲ್ಲಿ ಅಧ್ಯಾಪಕರಾಗಬಯಸುವವರು ಏನನ್ನು ಓದಬೇಕು, ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ಹೇಗೆ ಅರ್ಜಿ ಹಾಕಬೇಕು, ಎಂದಿನಿಂದ ಸಿದ್ಧರಾಗಬೇಕು ಎಂಬುದನ್ನು ಹೆತ್ತವರಿಗೂ ತಿಳಿಯುವಂತೆ ಹೇಳಬೇಕೆಂದು ಅವರ ಅಪ್ಪಣೆ. ಆದುದರಿಂದ ಇಂದು ಗುರುವಿನ ಮಹಿಮೆಯನ್ನು ಬದಿಗಿರಿಸಿ, ಗುರುವಾಗುವ ದಾರಿಯನ್ನು ಕುರಿತು ಮಾತನಾಡುತ್ತೇನೆ.

ಈ ಮಾತು ಬೇರೆಡೆಗಳಿಗಿಂತ ನಮ್ಮ ಕಾಸರಗೋಡಿನಲ್ಲಿ ಏಕೆ ಹೆಚ್ಚು ಮುಖ್ಯವೆಂಬುದನ್ನು ಮೊದಲು ಅರಿಯಬೇಕು. ೧೯೫೬ನೆಯ ಇಸವಿ ನವೆಂಬರ್ ೧ರಂದು ನಮ್ಮ ನಾಡು ಕೇರಳ ರಾಜ್ಯಕ್ಕೆ ಸೇರಿತು. ಅದೇ ವರ್ಷ ನಮ್ಮ ದೇಶದ ಸಂವಿಧಾನಕ್ಕೆ ೩೫೦ಎ ಎಂಬ ಅನುಚ್ಛೇದವನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ವಿದ್ಯೆ ದೊರೆಯುವಂತೆ ಸಾಕಷ್ಟು ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಅದು ವಿಧಿಸುತ್ತದೆ. ಈ ಆಧಾರ ನಮಗೆ ದೊಡ್ಡದು. ಆದರೆ ಕಾನೂನು ತರಗತಿಯ ಬಾಗಿಲನ್ನು ತೆರೆದಿಡಬಲ್ಲುದೇ ಹೊರತು, ಕರಿಹಲಗೆಯ ಮುಂದೆ ತಾನೇ ಬಂದು ನಿಲ್ಲಲಾರದು. ಅಲ್ಲಿ ಒಬ್ಬ ಮನುಷ್ಯನು ನಿಲ್ಲಬೇಕು. ಅವನಿಗೆ ಗಣಿತವೋ ವಿಜ್ಞಾನವೋ ಚರಿತ್ರೆಯೋ ತಿಳಿದಿರಬೇಕು. ಅದನ್ನು ಕಲಿಸುವ ಶಾಸ್ತ್ರ ತಿಳಿದಿರಬೇಕು. ಮೂರನೆಯದಾಗಿ, ಆ ಎರಡನ್ನೂ ಕನ್ನಡದಲ್ಲಿ ಹೇಳಲು ಬರಬೇಕು.

ಈ ಮೂರೂ ಒಬ್ಬರಲ್ಲಿ ಕೂಡಿರುವುದು ಅಪರೂಪವಾದಾಗ ಏನಾಗುತ್ತದೆಂಬುದು ಇಲ್ಲಿ ಕುಳಿತ ಹೆತ್ತವರಿಗೆ ಹೊಸ ಸಂಗತಿಯಲ್ಲ. ಹುದ್ದೆ ಇದ್ದರೂ ತರಗತಿ ಬರಿದಾಗಿರುತ್ತದೆ. ಇಲ್ಲವೇ ಕನ್ನಡವನ್ನರಿಯದ ಸಜ್ಜನರೊಬ್ಬರು ಬಂದು, ತಾವು ಹೇಳಿದ್ದು ಮಕ್ಕಳಿಗೆ ತಿಳಿಯದೆ, ಮಕ್ಕಳು ಕೇಳಿದ್ದು ತಮಗೆ ತಿಳಿಯದೆ ಕಷ್ಟಪಡುತ್ತಾರೆ. ಕೇರಳ ಪಬ್ಲಿಕ್ ಸರ್ವೀಸ್ ಕಮಿಷನ್ ಕನ್ನಡ ಮಾಧ್ಯಮದ ಹೈಸ್ಕೂಲು ಅಧ್ಯಾಪಕರ ಹುದ್ದೆಗಳಿಗೆ ವಿಷಯವಾರಾಗಿ ಪ್ರತ್ಯೇಕ ಅರ್ಜಿಗಳನ್ನು ಕರೆಯುವುದುಂಟು. ಆ ಅರ್ಜಿಯನ್ನು ಹಾಕಲು ನಮ್ಮ ಶಾಲೆಗಳಲ್ಲಿ ಓದಿದ, ಅರ್ಹತೆಯುಳ್ಳ ಯುವಕ ಯುವತಿಯರು ಇರಬೇಕಷ್ಟೆ. ಅರ್ಹನಾದ ಅಭ್ಯರ್ಥಿಯಿಲ್ಲದ ಹಕ್ಕು ಕಾಗದದ ಮೇಲಿನ ಹಕ್ಕಾಗಿಯೇ ಉಳಿದೀತು. ಇಂದು ಪ್ಲಸ್ ಟು ಓದುತ್ತಿರುವ ನೀವು ಇನ್ನೈದು ಆರು ವರ್ಷಗಳಲ್ಲಿ ಆ ಅರ್ಹತೆಯನ್ನು ಪಡೆಯಬಲ್ಲಿರಿ. ಈ ಭಾಷಣದ ತಾತ್ಪರ್ಯವೇ ಇದು.

ಹೆತ್ತವರಲ್ಲಿ ಒಂದು ವಿಜ್ಞಾಪನೆ. ಮನೆಯಲ್ಲಿ ಜಾಣನಾದ ಮಗನಿದ್ದರೆ ಇಂಜಿನಿಯರು, ಅದಕ್ಕೂ ಮೇಲೆ ಡಾಕ್ಟರು. ಎಲ್ಲಿಯೂ ಸೀಟು ದೊರೆಯದಿದ್ದರೆ ‘ಹೋಗಲಿ, ಬಿ.ಎಡ್. ಮಾಡಲಿ’ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಮಗಳಿದ್ದರೆ, ‘ಮದುವೆಯಾಗುವವರೆಗೆ ಟೀಚರ್ ಕೆಲಸವಿರಲಿ’ ಎನ್ನುತ್ತೇವೆ. ಹೀಗೆ ಕೊನೆಯ ಆಶ್ರಯವೆಂದು ಕಳುಹಿಸಿದ ಮಗು, ತಾನು ಸೋತು ಬಂದವನೆಂಬ ಭಾವವನ್ನು ತರಗತಿಗೂ ಹೊತ್ತು ತರುತ್ತದೆ. ನಮ್ಮ ನಾಡಿನಲ್ಲೇ ಇದಕ್ಕೆ ಬೇರೆಯಾದ ನಿದರ್ಶನವಿಲ್ಲವೇ? ಕವಿ ಕಯ್ಯಾರ ಕಿಞ್ಞಣ್ಣ ರೈಗಳು (೧೯೧೫–೨೦೧೫) ಪತ್ರಿಕೆಯಲ್ಲಿ ದುಡಿದವರು, ಬೇಸಾಯ ಮಾಡಿದವರು, ಕನ್ನಡಕ್ಕಾಗಿ ಹೋರಾಡಿದವರು. ಆದರೂ ಪೆರಡಾಲದ ನವಜೀವನ ಹೈಸ್ಕೂಲಿನ ಅಧ್ಯಾಪಕರೆಂದೇ ಅವರನ್ನು ನೆನೆಯುವವರು ಇಂದಿಗೂ ಎಷ್ಟೋ ಮಂದಿ. ಅಂಥವರ ಕೈಯಲ್ಲಿ ಅಧ್ಯಾಪನವು ಕೊನೆಯ ಆಶ್ರಯವಾಗಿರಲಿಲ್ಲ; ಮೊದಲ ಆಯ್ಕೆಯಾಗಿತ್ತು.

ಇನ್ನು ದಾರಿಯ ವಿಚಾರ. ಅಧ್ಯಾಪಕನಾಗುತ್ತೇನೆ ಎಂದು ಹೇಳುವ ವಿದ್ಯಾರ್ಥಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು: ಯಾವ ತರಗತಿಗೆ ಅಧ್ಯಾಪಕನಾಗುವೆ? ಇದಕ್ಕೆ ಉತ್ತರ ಹೇಳದೆ ಅರ್ಜಿ ಬರೆಯತಕ್ಕದ್ದಲ್ಲ. ಚಿಕ್ಕ ಮಕ್ಕಳಿಗೆ, ಅಂದರೆ ನಮ್ಮ ರಾಜ್ಯದಲ್ಲಿ ಒಂದರಿಂದ ನಾಲ್ಕರವರೆಗಿನ ಎಲ್.ಪಿ. ತರಗತಿಗಳಿಗೆ ಕಲಿಸಬೇಕೆಂದಿದ್ದರೆ, ಪ್ಲಸ್ ಟು ಆದ ಮೇಲೆ ಎರಡು ವರ್ಷದ ಡಿ.ಎಲ್.ಎಡ್. ತರಬೇತಿಯೇ ಸರಿಯಾದ ದಾರಿ. ಇದು ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗಳಲ್ಲಿ ನಡೆಯುತ್ತದೆ; ನಮ್ಮ ಜಿಲ್ಲೆಯ ಸಂಸ್ಥೆ ಮಾಯಿಪ್ಪಾಡಿಯಲ್ಲಿದೆ. ಪದವಿಯನ್ನೂ ಬಿ.ಎಡ್.ನ್ನೂ ಮುಗಿಸಿದವರು ಯಾವ ತರಗತಿಗಾದರೂ ಹೋಗಬಹುದೆಂಬ ತಿಳಿವಳಿಕೆ ಹಲವರಲ್ಲಿದೆ. ಅದು ಈಗ ಸಲ್ಲದು. ಐದನೆಯ ತರಗತಿಯವರೆಗಿನ ಪ್ರಾಥಮಿಕ ಅಧ್ಯಾಪಕರ ಹುದ್ದೆಗೆ ಬಿ.ಎಡ್. ಅರ್ಹತೆಯಾಗಲಾರದೆಂದು ೨೦೨೩ನೆಯ ಆಗಸ್ಟ್ ೧೧ರಂದು ಸುಪ್ರೀಂ ಕೋರ್ಟು ತೀರ್ಪು ನೀಡಿದೆ. ಚಿಕ್ಕ ಮಕ್ಕಳಿಗೆ ಓದುಬರಹ ಕಲಿಸುವುದು ಬೇರೆಯೇ ವಿದ್ಯೆಯೆಂಬುದನ್ನು ಈ ತೀರ್ಪು ಎತ್ತಿ ಹಿಡಿಯಿತು. ಹೈಸ್ಕೂಲಿನಲ್ಲಿ ಕಲಿಸಬೇಕಾದರೆ ಆಯಾ ವಿಷಯದ ಪದವಿಯೂ ಬಿ.ಎಡ್. ಪದವಿಯೂ ಬೇಕು. ಹೈಯರ್ ಸೆಕೆಂಡರಿಯಲ್ಲಿ ಕಲಿಸಬೇಕಾದರೆ ಸ್ನಾತಕೋತ್ತರ ಪದವಿ, ಬಿ.ಎಡ್., ಅದರ ಮೇಲೆ ‘ಸೆಟ್’ ಎಂಬ ರಾಜ್ಯದ ಅರ್ಹತಾ ಪರೀಕ್ಷೆ. ಎಲ್.ಪಿ., ಯು.ಪಿ., ಹೈಸ್ಕೂಲು ವಿಭಾಗಗಳಿಗೆ ‘ಕೆ-ಟೆಟ್’ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆಯಲ್ಲಿ ಬೇರೆ ಬೇರೆ ವರ್ಗಗಳಿವೆ.

ಹೈಸ್ಕೂಲಿನ ಅಧ್ಯಾಪಕನಾಗುವ ಅಪೇಕ್ಷೆಯುಳ್ಳವರಿಗೆ ಇಂದು ಎರಡು ಹಾದಿಗಳಿವೆ. ಒಂದನೆಯದು ಹಳೆಯ ಹಾದಿ: ಮೊದಲು ಬಿ.ಎ., ಬಿ.ಎಸ್ಸಿ. ಅಥವಾ ಬಿ.ಕಾಂ., ಆಮೇಲೆ ಬಿ.ಎಡ್. ೨೦೧೫ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ. ಅದಕ್ಕೆ ಸೇರಲು ಪದವಿಯಲ್ಲಾಗಲಿ ಸ್ನಾತಕೋತ್ತರ ಪದವಿಯಲ್ಲಾಗಲಿ ಶೇಕಡಾ ೫೦ ಅಂಕಗಳಿರಬೇಕೆಂಬುದು ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ ೨೦೧೪ರ ನಿಯಮ. ಮೀಸಲು ವರ್ಗದವರಿಗೆ ಸರಕಾರದ ನಿಯಮದಂತೆ ರಿಯಾಯಿತಿಯಿದೆ. ಈ ಎರಡು ವರ್ಷಗಳಲ್ಲಿ ೨೦ ವಾರ ಶಾಲೆಯಲ್ಲೇ ಇದ್ದು ಕಲಿಸುವ ಅಭ್ಯಾಸ ಮಾಡಬೇಕು. ನಮ್ಮ ಕಣ್ಣೂರು ವಿಶ್ವವಿದ್ಯಾಲಯದಲ್ಲಿ ಬಿ.ಎಡ್. ಪ್ರವೇಶವು ಏಕಗವಾಕ್ಷಿ ಪದ್ಧತಿಯಲ್ಲಿ, ಪದವಿಯ ಅಂಕಗಳ ಆಧಾರದಿಂದ ನಡೆಯುತ್ತದೆ. ಪದವಿಯ ಮೊದಲ ಸೆಮಿಸ್ಟರಿನಲ್ಲಿ ಅಲಕ್ಷ್ಯದಿಂದ ಕಳೆದುಕೊಂಡ ಅಂಕ ಬಿ.ಎಡ್. ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಕೆಳಗೆ ತಳ್ಳುತ್ತದೆಂಬುದು ನೆನಪಿರಲಿ.

ಎರಡನೆಯದು ಹೊಸ ಹಾದಿ: ಪ್ಲಸ್ ಟು ಮುಗಿದೊಡನೆ ನೇರವಾಗಿ ನಾಲ್ಕು ವರ್ಷದ ಸಂಯುಕ್ತ ಪದವಿ. ಇದನ್ನು ಐ.ಟಿ.ಇ.ಪಿ. ಎಂದು ಕರೆಯುತ್ತಾರೆ. ಬಿ.ಎ.ಬಿ.ಎಡ್., ಬಿ.ಎಸ್ಸಿ.ಬಿ.ಎಡ್., ಬಿ.ಕಾಂ.ಬಿ.ಎಡ್. ಎಂದು ಇದರ ಶಾಖೆಗಳು. ನಾಲ್ಕು ವರ್ಷಗಳಲ್ಲಿ ವಿಷಯದ ಪದವಿಯೂ ಕಲಿಸುವ ಪದವಿಯೂ ಕೂಡಿಯೇ ದೊರೆಯುತ್ತವೆ. ಲೆಕ್ಕ ಹಾಕಿ ನೋಡಿರಿ. ಹಳೆಯ ಹಾದಿಯಲ್ಲಿ ಮೂರು ಮತ್ತು ಎರಡು, ಒಟ್ಟು ಐದು ವರ್ಷ; ಹೊಸದರಲ್ಲಿ ನಾಲ್ಕೇ ವರ್ಷ. ಬಡ ಸಂಸಾರಕ್ಕೆ ಒಂದು ವರ್ಷದ ಫೀಸು, ಊಟ, ಬಸ್ಸಿನ ಖರ್ಚು ಉಳಿಯುವುದು ಸಣ್ಣ ಮಾತಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು, ೨೦೩೦ರ ವೇಳೆಗೆ ಶಾಲಾ ಅಧ್ಯಾಪಕರಿಗೆ ಈ ನಾಲ್ಕು ವರ್ಷದ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು ಗುರಿಯಿರಿಸಿದೆ. ೨೦೨೩ನೆಯ ಶೈಕ್ಷಣಿಕ ವರ್ಷದಲ್ಲಿ ದೇಶದ ಆಯ್ದ ಸಂಸ್ಥೆಗಳಲ್ಲಿ ಇದು ಪ್ರಾಯೋಗಿಕವಾಗಿ ಆರಂಭವಾಯಿತು.

ಆದರೆ ಹೊಸ ಹಾದಿಯೊಂದೇ ಶ್ರೇಷ್ಠವೆಂದು ತಿಳಿಯಬೇಡಿರಿ. ಹದಿನೇಳು ಹದಿನೆಂಟರ ಪ್ರಾಯದಲ್ಲಿಯೇ ಮನಸ್ಸು ಸ್ಥಿರವಾದವರಿಗೆ ಅದು ಒಳ್ಳೆಯದು. ಇನ್ನೂ ತೀರ್ಮಾನವಾಗದವರು ಪದವಿಯನ್ನೋದಿ, ತಮ್ಮ ಮನಸ್ಸನ್ನು ತಾವೇ ಅರಿತುಕೊಂಡು ಬಿ.ಎಡ್.ಗೆ ಬರಲಿ. ಕೇರಳದ ವಿಶ್ವವಿದ್ಯಾಲಯಗಳಲ್ಲಿ ೨೦೨೪ರಿಂದ ನಾಲ್ಕು ವರ್ಷದ ಪದವಿಕ್ರಮ ಬಂದಿದ್ದು, ಮೂರನೆಯ ವರ್ಷದ ಕೊನೆಗೆ ಪದವಿ ಪಡೆದು ಹೊರಬರುವ ಅವಕಾಶವೂ ಅದರಲ್ಲಿದೆ. ನಾಲ್ಕು ವರ್ಷದ ಪದವಿಯನ್ನು ಪಡೆದವರಿಗೆ ಒಂದೇ ವರ್ಷದ ಬಿ.ಎಡ್. ಇರಬೇಕೆಂಬ ಮಾತು ಶಿಕ್ಷಣ ನೀತಿಯಲ್ಲಿಯೇ ಇದೆ. ಆದಕಾರಣ ಪದವಿಗೆ ಸೇರುವವರು ತಮ್ಮ ಕೊನೆಯ ವರ್ಷದಲ್ಲಿ ಚಾಲ್ತಿಯಲ್ಲಿರುವ ನಿಯಮವನ್ನು ನೋಡಿಕೊಂಡು ಮುಂದಿನ ಹೆಜ್ಜೆಯಿಡಬೇಕು.

ಈ ಸಂಯುಕ್ತ ಪದವಿಯನ್ನೋದಲು ಬಹುದೂರ ಹೋಗಬೇಕೇ? ಇಲ್ಲ. ನಮ್ಮ ಜಿಲ್ಲೆಯ ಪೆರಿಯದಲ್ಲಿ, ೨೦೦೯ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದರ ಶಿಕ್ಷಣ ವಿಭಾಗದಲ್ಲಿ ಈ ಪದವಿಯನ್ನೂ ಎಂ.ಎಡ್. ಪದವಿಯನ್ನೂ ಓದಬಹುದು. ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಾವು ಮಾತ್ರ ಹೆದ್ದಾರಿಯ ಬಸ್ಸಿನಲ್ಲಿ ಅದರ ಮುಂದೆಯೇ ಹಾದುಹೋಗುತ್ತೇವೆ. ಕೋಝಿಕ್ಕೋಡಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿಯೂ ಬಿ.ಎಸ್ಸಿ.ಬಿ.ಎಡ್. ಇದೆ. ಇನ್ನೊಂದು ಕಡೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಅದು ೧೯೬೩ರಲ್ಲಿ ಆರಂಭವಾದುದು; ಅಜ್ಮೀರ, ಭೋಪಾಲ, ಭುವನೇಶ್ವರಗಳಲ್ಲಿರುವ ಸಂಸ್ಥೆಗಳ ಸೋದರ ಸಂಸ್ಥೆ. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ ಪ್ರದೇಶ, ತೆಲಂಗಾಣ, ಪುದುಚ್ಚೇರಿ, ಲಕ್ಷದ್ವೀಪ ಇಷ್ಟೂ ಪ್ರದೇಶಗಳಿಗಾಗಿ ಅದನ್ನು ಸ್ಥಾಪಿಸಲಾಗಿದೆ. ಆದುದರಿಂದ ಅದು ಕರ್ನಾಟಕದವರ ಸೊತ್ತು, ನಮಗೆ ಅಲ್ಲಿ ಎಡೆಯಿಲ್ಲ ಎಂದು ತಿಳಿಯಬಾರದು. ಅದು ನಮ್ಮದೂ ಹೌದು. ಪದವಿಯನ್ನೂ ಅಧ್ಯಾಪಕ ತರಬೇತಿಯನ್ನೂ ಒಂದುಗೂಡಿಸಿ ನಾಲ್ಕು ವರ್ಷ ಕಲಿಸುವ ಕ್ರಮವನ್ನು ಈ ಸಂಸ್ಥೆಗಳು ಅರುವತ್ತು ವರ್ಷಗಳ ಹಿಂದೆಯೇ ಆರಂಭಿಸಿದ್ದವೆಂಬುದು ಗಮನಾರ್ಹ.

ಈ ಸಂಯುಕ್ತ ಪದವಿಗೆ ‘ಎನ್.ಸಿ.ಇ.ಟಿ.’ ಎಂಬ ರಾಷ್ಟ್ರೀಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ೨೦೨೩ರಲ್ಲಿ ಮೊದಲ ಬಾರಿಗೆ ನಡೆದ ಈ ಪರೀಕ್ಷೆ ಕಂಪ್ಯೂಟರಿನ ಮುಂದೆ ಕುಳಿತು ಬರೆಯತಕ್ಕದ್ದು. ಎರಡು ಭಾಷೆಗಳು, ಪ್ಲಸ್ ಟು ಮಟ್ಟದ ಮೂರು ವಿಷಯಗಳು, ಸಾಮಾನ್ಯ ಜ್ಞಾನ, ಅಧ್ಯಾಪನದ ಅಭಿರುಚಿ — ಹೀಗೆ ಅದರ ಭಾಗಗಳು. ಸರಿಯುತ್ತರಕ್ಕೆ ನಾಲ್ಕು ಅಂಕ ಕೊಟ್ಟು, ತಪ್ಪುತ್ತರಕ್ಕೆ ಒಂದು ಅಂಕ ಕಳೆಯುವ ಕ್ರಮವಿರುವುದರಿಂದ, ತಿಳಿಯದುದನ್ನು ಊಹಿಸಿ ಗುರುತಿಸುವುದು ಲಾಭವಲ್ಲ. ನಮ್ಮ ಮಕ್ಕಳು ಮುಖ್ಯವಾಗಿ ತಿಳಿಯಬೇಕಾದುದು ಇನ್ನೊಂದು. ಈ ಪರೀಕ್ಷೆಯನ್ನು ೧೩ ಭಾಷೆಗಳಲ್ಲಿ ಬರೆಯಬಹುದು. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ದೇಶಮಟ್ಟದ ಪರೀಕ್ಷೆ ಆಗದೆಂಬ ಭಯಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಯಾವ ಭಾಷೆಯಲ್ಲಿ ಬರೆಯುವಿರೆಂಬುದನ್ನು ಅರ್ಜಿಯಲ್ಲಿಯೇ ಸೂಚಿಸಬೇಕು. ಪ್ಲಸ್ ಟುವಿನಲ್ಲಿ ವಿಜ್ಞಾನದ ಪದಗಳನ್ನು ಇಂಗ್ಲಿಷಿನಲ್ಲಿ ಕಲಿತವರು ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ‘ವೇಗೋತ್ಕರ್ಷ’ವೆಂಬ ಪದವನ್ನು ಕಂಡು ತಬ್ಬಿಬ್ಬಾಗಬಾರದು. ನಿಮಗೆ ಯಾವುದು ಸಲೀಸೆಂದು ಮೊದಲೇ ಮಾದರಿ ಪತ್ರಿಕೆಯನ್ನು ಬರೆದು ನೋಡಿ ನಿರ್ಧರಿಸಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪರೀಕ್ಷೆಯಲ್ಲಿ ಅಂಕ ಬಂದ ಮಾತ್ರಕ್ಕೆ ಸೀಟು ಮನೆಗೆ ಬಾರದು. ಪರೀಕ್ಷೆ ನಡೆಸುವವರು ಅಂಕಪಟ್ಟಿಯನ್ನು ಕೊಟ್ಟು ತಮ್ಮ ಕೆಲಸವನ್ನು ಮುಗಿಸುತ್ತಾರೆ. ಆಮೇಲೆ ಪ್ರತಿಯೊಂದು ವಿಶ್ವವಿದ್ಯಾಲಯವೂ ಪ್ರತ್ಯೇಕವಾಗಿ ಅರ್ಜಿ ಕರೆದು, ಪ್ರತ್ಯೇಕವಾಗಿ ಪಟ್ಟಿ ಮಾಡುತ್ತದೆ. ಪೆರಿಯಕ್ಕೆ ಒಂದು ಅರ್ಜಿ, ಮೈಸೂರಿಗೆ ಇನ್ನೊಂದು. ಪರೀಕ್ಷೆ ಬರೆದು ಸುಮ್ಮನೆ ಕುಳಿತ ಜಾಣನಿಗಿಂತ, ವಾರಕ್ಕೊಮ್ಮೆ ಪ್ರಕಟಣೆಯನ್ನು ನೋಡುವ ಸಾಧಾರಣ ವಿದ್ಯಾರ್ಥಿಯೇ ಇಲ್ಲಿ ಮುಂದೆ ಹೋಗುತ್ತಾನೆ.

ಈಗ ಹತ್ತನೆಯ ತರಗತಿಯವರಿಗೆ ಒಂದು ಮಾತು. ಹೈಸ್ಕೂಲಿನಲ್ಲಿ ನೀವು ಯಾವ ವಿಷಯವನ್ನು ಕಲಿಸಬಲ್ಲಿರೆಂಬುದನ್ನು ನಿಮ್ಮ ಪದವಿಯ ವಿಷಯ ನಿರ್ಣಯಿಸುತ್ತದೆ. ಪದವಿಯ ವಿಷಯವನ್ನು ಪ್ಲಸ್ ಒನ್ನಿನಲ್ಲಿ ಆಯ್ದ ವಿಭಾಗ ನಿರ್ಣಯಿಸುತ್ತದೆ. ಗಣಿತದ ಅಧ್ಯಾಪಕನಾಗುವ ಆಸೆಯಿದ್ದು, ಪ್ಲಸ್ ಒನ್ನಿನಲ್ಲಿ ಗಣಿತವನ್ನೇ ಕೈಬಿಟ್ಟರೆ ಆ ಬಾಗಿಲು ಅಲ್ಲಿಗೇ ಮುಚ್ಚಿತು. ಗೆಳೆಯನು ಸೇರಿದನೆಂದು ತಾನೂ ಸೇರುವುದು, ಬಸ್ಸಿಗೆ ಅನುಕೂಲವೆಂದು ಸೇರುವುದು, ಇವೆರಡೂ ವಿಭಾಗವನ್ನು ಆರಿಸುವ ಕ್ರಮವಲ್ಲ. ಹದಿನೈದು ವರ್ಷದ ಮಗುವಿನ ಒಂದು ದಿನದ ಆಯ್ಕೆ ಇಪ್ಪತ್ತೈದನೆಯ ವರ್ಷದ ಹುದ್ದೆಯನ್ನು ಮುಟ್ಟುತ್ತದೆಂಬುದನ್ನು ಹೆತ್ತವರು ಮಗುವಿನೊಡನೆ ಕುಳಿತು ಆಲೋಚಿಸಬೇಕು.

ಇನ್ನು ಅರ್ಜಿಯ ವಿಧಾನ. ಮೊದಲನೆಯದಾಗಿ, ಪ್ರಕಟಣೆಯನ್ನು ಆರಂಭದಿಂದ ಕೊನೆಯವರೆಗೆ ಒಮ್ಮೆ ಓದಬೇಕು. ಓದದೆ ಅಕ್ಷಯ ಕೇಂದ್ರಕ್ಕೆ ಹೋಗಿ ‘ನೀವೇ ತುಂಬಿರಿ’ ಎಂದು ಕುಳಿತುಕೊಳ್ಳಬಾರದು. ಅಲ್ಲಿರುವವರು ಬೆರಳಚ್ಚು ಮಾಡಿಯಾರು. ನಿಮ್ಮ ವಿಷಯವನ್ನೂ ಭಾಷೆಯನ್ನೂ ಮೀಸಲು ವರ್ಗವನ್ನೂ ನೀವೇ ಹೇಳಬೇಕು. ಎರಡನೆಯದಾಗಿ, ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿಯೂ ಆಧಾರ್ ಕಾರ್ಡಿನಲ್ಲಿಯೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಆಗಿರಬೇಕು. ನಮ್ಮ ಹೆಸರುಗಳು ಕನ್ನಡದಿಂದ ಮಲೆಯಾಳಕ್ಕೆ, ಮಲೆಯಾಳದಿಂದ ಇಂಗ್ಲಿಷಿಗೆ ಹೋಗುವಾಗ ಅಕ್ಷರ ಬದಲಾಗುವುದು ಸಾಮಾನ್ಯ; ಅದನ್ನು ಈ ವರ್ಷವೇ ತಿದ್ದಿಸಿರಿ, ಅರ್ಜಿಯ ಕೊನೆಯ ದಿನ ತಿದ್ದಲಾಗದು. ಮೂರನೆಯದಾಗಿ, ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆ ಪ್ರವೇಶ ಮುಗಿಯುವವರೆಗೆ ನಿಮ್ಮ ಮನೆಯಲ್ಲಿಯೇ ಇರುವ ಸಂಖ್ಯೆಯಾಗಿರಲಿ. ನಾಲ್ಕನೆಯದಾಗಿ, ಅರ್ಜಿಯ ಪ್ರತಿಯನ್ನೂ ಹಣ ಕಟ್ಟಿದ ರಸೀದಿಯನ್ನೂ ಒಂದು ಕವರಿನಲ್ಲಿ ಜೋಪಾನವಾಗಿಡಬೇಕು.

ಪ್ರಮಾಣಪತ್ರಗಳ ವಿಷಯದಲ್ಲಿ ಹೆತ್ತವರ ಸಹಾಯವಿಲ್ಲದೆ ನಡೆಯದು. ಕೇಂದ್ರ ಸರಕಾರದ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ ೧೫, ಪರಿಶಿಷ್ಟ ವರ್ಗಕ್ಕೆ ೭.೫, ಇತರ ಹಿಂದುಳಿದ ವರ್ಗಕ್ಕೆ ೨೭, ಆರ್ಥಿಕವಾಗಿ ಹಿಂದುಳಿದವರಿಗೆ ೧೦ ಹೀಗೆ ಮೀಸಲಾತಿಯಿದೆ. ಆದರೆ ರಾಜ್ಯದ ನಮೂನೆಯ ಪತ್ರ ಅಲ್ಲಿ ಸಲ್ಲುವುದಿಲ್ಲ. ಕೇಂದ್ರದ ನಮೂನೆಯಲ್ಲಿಯೇ ಬೇಕು. ಹಿಂದುಳಿದ ವರ್ಗದ ನಾನ್ ಕ್ರಿಮಿಲೇಯರ್ ಪತ್ರ ಹಾಗೂ ಆರ್ಥಿಕ ಹಿಂದುಳಿದಿರುವಿಕೆಯ ಪತ್ರ ಸಾಮಾನ್ಯವಾಗಿ ಆಯಾ ಆರ್ಥಿಕ ವರ್ಷದ್ದಾಗಿರಬೇಕೆಂದು ಕೇಳುತ್ತಾರೆ. ಹೋದ ವರ್ಷದ ಪತ್ರವನ್ನು ಹಿಡಿದುಕೊಂಡು ಹೋಗಿ ಮರಳಿ ಬರುವ ಬದಲು, ಏಪ್ರಿಲ್ ತಿಂಗಳಲ್ಲಿಯೇ ವಿಲ್ಲೇಜ್ ಆಫೀಸಿಗೂ ತಾಲೂಕು ಕಚೇರಿಗೂ ಅರ್ಜಿ ಕೊಟ್ಟಿರಿ. ಅಡಿಕೆ ಸುಲಿಯುವ ಕೆಲಸವನ್ನು ಒಂದು ದಿನ ನಿಲ್ಲಿಸಿದರೆ ಅಡಿಕೆ ಹಾಳಾಗದು. ಪ್ರಮಾಣಪತ್ರಕ್ಕೆ ಒಂದು ದಿನ ತಡವಾದರೆ ಮಗುವಿನ ವರ್ಷ ಹಾಳಾದೀತು.

ಕರ್ನಾಟಕದಲ್ಲಿ ಓದಲು ಬಯಸುವವರಿಗೂ ಒಂದು ಸೂಚನೆ. ಅಲ್ಲಿಯ ಸರಕಾರದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ‘ಗಡಿನಾಡು ಕನ್ನಡಿಗ’, ‘ಹೊರನಾಡು ಕನ್ನಡಿಗ’ ಎಂಬ ವರ್ಗಗಳುಂಟು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳೂ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಗಡಿನಾಡಿನಲ್ಲಿ ಸೇರುತ್ತವೆ. ಇದಕ್ಕೆ ಕನ್ನಡ ಭಾಷೆಯ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ನೀವು ಹಾಕುವ ಅರ್ಜಿಯ ಪ್ರಕಟಣೆಯಲ್ಲಿ ಈ ಶಬ್ದವಿದೆಯೇ ಎಂದು ಹುಡುಕಿ ನೋಡಿ, ಇದ್ದರೆ ಬಿಡಬೇಡಿರಿ. ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿದ ದಾಖಲೆಯನ್ನು ಮುಖ್ಯೋಪಾಧ್ಯಾಯರಿಂದ ಪಡೆದು ಇಟ್ಟುಕೊಳ್ಳಿರಿ. ಮುಂದೆ ಕನ್ನಡ ಮಾಧ್ಯಮದ ಹುದ್ದೆಗೆ ಅರ್ಜಿ ಹಾಕುವಾಗಲೂ ಭಾಷೆಯ ಅರ್ಹತೆಗೆ ಸಾಕ್ಷಿಯನ್ನು ಕೇಳುತ್ತಾರೆ. ಇದರ ಜೊತೆಗೆ ಮಲೆಯಾಳವನ್ನೂ ಚೆನ್ನಾಗಿ ಕಲಿಯಿರಿ. ಇಲಾಖೆಯ ಸುತ್ತೋಲೆಯನ್ನು ಓದಿ, ಅದಕ್ಕೆ ಉತ್ತರ ಬರೆದು, ಶಾಲೆಗೆ ಬರಬೇಕಾದುದನ್ನು ತರಿಸಬಲ್ಲ ಕನ್ನಡ ಅಧ್ಯಾಪಕನಿಂದ ಕನ್ನಡಕ್ಕೇ ಲಾಭ.

ಕಾಲೇಜನ್ನು ಆರಿಸುವಾಗ ಕಟ್ಟಡವನ್ನು ನೋಡಿ ಮರುಳಾಗಬೇಡಿರಿ. ಅದಕ್ಕೆ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ ಮನ್ನಣೆಯಿದೆಯೇ ಎಂದು ಮೊದಲು ಕೇಳಿರಿ. ೧೯೯೩ರ ಶಾಸನದಿಂದ ಸ್ಥಾಪಿತವಾದ ಈ ಪರಿಷತ್ತಿನ ಮನ್ನಣೆಯಿಲ್ಲದ ಕಡೆ ಪಡೆದ ಪದವಿ ಸರಕಾರಿ ಶಾಲೆಯಲ್ಲಾಗಲಿ ಅನುದಾನಿತ ಶಾಲೆಯಲ್ಲಾಗಲಿ ಉದ್ಯೋಗಕ್ಕೆ ಸಲ್ಲದು. ‘ತರಗತಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವವರ ಹತ್ತಿರ ಸುಳಿಯಬೇಡಿರಿ. ಬಿ.ಎಡ್. ನಿಯಮದಂತೆ ತರಗತಿಗೆ ಶೇಕಡಾ ೮೦, ಶಾಲೆಯ ಅಭ್ಯಾಸಕ್ಕೆ ಶೇಕಡಾ ೯೦ ಹಾಜರಿ ಬೇಕು. ಕಲಿಯದೆ ಕಲಿಸಹೊರಟವನ ನಷ್ಟವನ್ನು ಮೂವತ್ತು ವರ್ಷ ಮಕ್ಕಳು ತೆರಬೇಕಾದೀತು.

ಪದವಿಯ ಮೇಲೆ ಇನ್ನೂ ಓದುವ ಆಸೆಯುಳ್ಳವರಿಗಾಗಿ ಎಂ.ಎಡ್. ಇದೆ. ಅದೂ ಎರಡು ವರ್ಷದ್ದು, ಬಿ.ಎಡ್.ನಲ್ಲಿ ಶೇಕಡಾ ೫೦ ಅಂಕ ಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ‘ಸಿ.ಯು.ಇ.ಟಿ. ಪಿ.ಜಿ.’ ಎಂಬ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಬೆಂಗಳೂರಿನಲ್ಲಿ ೨೦೧೦ರಲ್ಲಿ ಆರಂಭವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರದ ಎಂ.ಎ. ಓದಬಹುದು. ಅಲ್ಲಿ ಲಿಖಿತ ಪರೀಕ್ಷೆಯ ಮೇಲೆ ಸಂದರ್ಶನವೂ ಉಂಟು. ಬಡ ಮನೆಯ ವಿದ್ಯಾರ್ಥಿಗಳಿಗೆ ವರಮಾನವನ್ನ ನೋಡಿ ಧನಸಹಾಯವನ್ನೂ ನೀಡುತ್ತಾರೆ. ಇಂತಹ ಕಡೆಗಳಲ್ಲಿ ‘ನೀವು ಶಿಕ್ಷಣಶಾಸ್ತ್ರವನ್ನು ಏಕೆ ಓದಬಯಸುತ್ತೀರಿ?’ ಎಂದು ಕೇಳುವುದು ವಾಡಿಕೆ. ಈ ಪ್ರಶ್ನೆಯಲ್ಲಿ ನಮ್ಮ ಮಕ್ಕಳು ತಡವರಿಸುತ್ತಾರೆ. ಆದುದರಿಂದ ಎರಡು ಮಾದರಿಯ ಉತ್ತರಗಳನ್ನು ನಿಮ್ಮ ಮುಂದಿಡುತ್ತೇನೆ. ಎರಡೂ ನಾನೇ ಕಲ್ಪಿಸಿದವು.

ಒಂದನೆಯ ಉತ್ತರ: ‘ಬಾಲ್ಯದಿಂದಲೂ ಅಧ್ಯಾಪಕ ವೃತ್ತಿ ನನಗೆ ಅಚ್ಚುಮೆಚ್ಚು. ಅಧ್ಯಾಪಕನು ರಾಷ್ಟ್ರದ ಶಿಲ್ಪಿ. ಸಮಾಜಸೇವೆಯೇ ನನ್ನ ಗುರಿ.’ ಇದರಲ್ಲಿ ಸುಳ್ಳಿಲ್ಲ. ಆದರೆ ಬರೆದವನು ಯಾರೆಂದು ತಿಳಿಯುವಂತೆಯೂ ಇಲ್ಲ. ಸಾವಿರ ಮಂದಿ ಇದನ್ನೇ ಬರೆದಿರುತ್ತಾರೆ.

ಎರಡನೆಯ ಉತ್ತರ: ‘ನಮ್ಮೂರಿನ ಮಕ್ಕಳು ಮನೆಯಲ್ಲಿ ತುಳುವನ್ನೂ, ಶಾಲೆಯಲ್ಲಿ ಕನ್ನಡವನ್ನೂ, ಅಂಗಡಿಯಲ್ಲಿ ಮಲೆಯಾಳವನ್ನೂ ಆಡುತ್ತಾರೆ. ರಜೆಯಲ್ಲಿ ನೆರೆಮನೆಯ ಮೂವರು ಮಕ್ಕಳಿಗೆ ಭಿನ್ನರಾಶಿಯನ್ನು ಹೇಳಿಕೊಟ್ಟೆನು. ದೋಸೆಯನ್ನು ನಾಲ್ಕು ತುಂಡು ಮಾಡಿ ತೋರಿಸಿದಾಗ ತಿಳಿಯಿತೆಂದ ಹುಡುಗನು, ಐದರಲ್ಲೊಂದು ಪಾಲು ನಾಲ್ಕರಲ್ಲೊಂದು ಪಾಲಿಗಿಂತ ದೊಡ್ಡದೆಂದು ಮರುದಿನ ವಾದಿಸಿದನು. ಐದು ನಾಲ್ಕಕ್ಕಿಂತ ದೊಡ್ಡದಲ್ಲವೇ ಎಂದು ಕೇಳಿದನು. ಅವನ ತಪ್ಪಿನೊಳಗೊಂದು ತರ್ಕವಿತ್ತು. ಮಕ್ಕಳ ತಪ್ಪಿನೊಳಗಿನ ತರ್ಕವನ್ನು ಅರಿಯಲು ನಾನು ಈ ಶಾಸ್ತ್ರವನ್ನು ಓದಬಯಸುತ್ತೇನೆ.’

ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯವರು ಒಂದು ಮಗುವಿನ ಮುಂದೆ ಕುಳಿತು ನೋಡಿದ್ದಾರೆ. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇದು ಕೊರತೆಯಲ್ಲ, ಬಂಡವಾಳ. ತಿಳಿಯದ ಭಾಷೆಯಲ್ಲಿ ಪಾಠ ಕೇಳುವ ಮಗು ಹೇಗೆ ತಲೆಯಾಡಿಸಿ ಸುಮ್ಮನಿರುತ್ತದೆಂಬುದನ್ನು ದೊಡ್ಡ ಪಟ್ಟಣದ ವಿದ್ಯಾರ್ಥಿ ಪುಸ್ತಕದಿಂದ ಕಲಿಯಬೇಕು. ನೀವು ನೋಡಿಯೇ ಬಲ್ಲಿರಿ. ಅದನ್ನು ಬರೆಯಿರಿ. ಬೇರೊಬ್ಬರಿಂದ ಬರೆಯಿಸಿದುದನ್ನೂ ಎಲ್ಲಿಂದಲೋ ಇಳಿಸಿದುದನ್ನೂ ಕೊಡಬೇಡಿರಿ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ.

ಅರ್ಜಿಗೆ ಮುನ್ನ ಮಾಡಬೇಕಾದ ಸಿದ್ಧತೆಯೂ ಇದರಲ್ಲಿಯೇ ಅಡಗಿದೆ. ರಜಾದಿನಗಳಲ್ಲಿ ಕೆಳಗಿನ ತರಗತಿಯ ಇಬ್ಬರು ಮಕ್ಕಳಿಗೆ ಒಂದು ಪಾಠವನ್ನು ಕಲಿಸಿ ನೋಡಿರಿ. ಎರಡು ವಾರ ಕಳೆದ ಮೇಲೂ ನಿಮಗೆ ಬೇಸರ ಬಾರದೆ, ಮರುದಿನ ಇನ್ನೊಂದು ಬಗೆಯಲ್ಲಿ ಹೇಳಿ ನೋಡೋಣವೆಂಬ ಆಸೆ ಹುಟ್ಟಿದರೆ ಅರ್ಜಿ ಹಾಕಿರಿ. ಬೇಸರ ಬಂದರೆ ನಾಚಬೇಕಾಗಿಲ್ಲ; ಬೇರೆ ವೃತ್ತಿಗಳು ಬೇಕಾದಷ್ಟಿವೆ. ಈ ಪರೀಕ್ಷೆಗೆ ಶುಲ್ಕವಿಲ್ಲ, ಇದರ ಫಲಿತಾಂಶವನ್ನು ನೀವೇ ಪ್ರಕಟಿಸಿಕೊಳ್ಳಬಹುದು.

ಬಿ.ಎಡ್. ಆದೊಡನೆ ಕೆಲಸ ಬಾಗಿಲಿಗೆ ಬರುತ್ತದೆಂದು ನಾನು ಹೇಳಲಾರೆನು. ಅರ್ಹತಾ ಪರೀಕ್ಷೆ, ಆಯೋಗದ ಪರೀಕ್ಷೆ, ರ್‍ಯಾಂಕ್ ಪಟ್ಟಿ, ಕಾಯುವಿಕೆ ಇವೆಲ್ಲ ಇವೆ. ಕೆಲವರು ದಿನಗೂಲಿಯ ಅಧ್ಯಾಪಕರಾಗಿ ಎರಡು ಮೂರು ವರ್ಷ ದುಡಿಯಬೇಕಾದೀತು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ನ್ಯಾಯವಲ್ಲ. ಆದರೆ ಅರ್ಹತೆಯನ್ನೇ ಪಡೆಯದವನಿಗೆ ಕಾಯುವ ಸಾಲಿನಲ್ಲಿಯೂ ಸ್ಥಳವಿಲ್ಲ. ಮತ್ತು ವಿಷಯ, ಶಾಸ್ತ್ರ, ಭಾಷೆ ಮೂರನ್ನೂ ಬಲ್ಲವರ ಸಾಲು ನಮ್ಮಲ್ಲಿ ಉದ್ದವಾಗಿಲ್ಲ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಎರಡು ಪ್ರಾರ್ಥನೆಗಳು. ಪ್ರವೇಶದ ಪ್ರಕಟಣೆಗಳು ಹೊರಬಂದ ಕೂಡಲೇ ಅವುಗಳ ಸಾರವನ್ನು ಕನ್ನಡದಲ್ಲಿ ಬರೆದು ಶಾಲೆಯ ಸೂಚನಾ ಫಲಕದಲ್ಲಿ ಹಚ್ಚುವ ಏರ್ಪಾಡಾಗಲಿ. ಈಗಾಗಲೇ ಪೆರಿಯದಲ್ಲಿಯೋ ಮೈಸೂರಿನಲ್ಲಿಯೋ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿದ್ದರೆ, ವರ್ಷಕ್ಕೊಮ್ಮೆ ಅವರನ್ನು ಕರೆಸಿ ಪ್ಲಸ್ ಟು ಮಕ್ಕಳೊಡನೆ ಒಂದು ಮಧ್ಯಾಹ್ನ ಕುಳ್ಳಿರಿಸಲಿ. ಇದಕ್ಕೆ ದೊಡ್ಡ ನಿಧಿ ಬೇಡ; ಒಂದು ಹಾಳೆ ಕಾಗದ, ಒಂದಿಷ್ಟು ಚಹಾ ಸಾಕು.

ವಿದ್ಯಾರ್ಥಿ ಮಿತ್ರರೇ, ಈ ಶಾಲೆಯ ಒಂದನೆಯ ತರಗತಿಯಲ್ಲಿ ಇಂದು ‘ಅ ಆ’ ತಿದ್ದುತ್ತಿರುವ ಮಗು ಎಂಟನೆಯ ತರಗತಿಗೆ ಬರಲು ಏಳು ವರ್ಷ ಬೇಕು. ನಿಮ್ಮ ಅಧ್ಯಯನ ಮುಗಿದು ನೀವು ಅರ್ಹರಾಗಿ ನಿಲ್ಲಲೂ ಬಹುಮಟ್ಟಿಗೆ ಅಷ್ಟೇ ಕಾಲ ಬೇಕು. ಆ ಮಗುವಿಗೆ ಬೀಜಗಣಿತವನ್ನು ಕನ್ನಡದಲ್ಲಿ ಯಾರು ಹೇಳಿಕೊಡುತ್ತಾರೆಂಬುದು ಈ ವರ್ಷದ ನಿಮ್ಮ ಅರ್ಜಿಯನ್ನು ಅವಲಂಬಿಸಿದೆ. ಚೆನ್ನಾಗಿ ಓದಿ, ಎಚ್ಚರದಿಂದ ಅರ್ಜಿ ತುಂಬಿರಿ. ನಿಮಗೆ ಶುಭವಾಗಲಿ.